ಕರೆಂಟ್ ಕೊಟ್ಮೇಲೆ ಪಾಚಿ ನೀರು ತಿಳಿ ಆಯ್ತು, ಆದ್ರೆ ವಿಷದ ರೀಡಿಂಗ್ ಮೇಲೆ ಹೋಯ್ತು. ಎಲ್ಲಿ ಎಡವಿದೆ?

ಹಸಿರುಹೊಂಡ

ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟು ಕೂತಿದ್ದೀನಿ, ಇಲ್ಲಿ ನೀರಿನ ಟ್ರೀಟ್‌ಮೆಂಟ್ ಗೊತ್ತಿರೋರು ಇದ್ದೀರಲ್ಲ ಅಂತ ಕೇಳ್ತಿದ್ದೀನಿ.

ನಾನು ಕೆಮಿಸ್ಟ್ರಿ ಲ್ಯಾಬಲ್ಲಿ ಇರೋನು, ನೀರಿನ ಎಕ್ಸ್‌ಪರ್ಟ್ ಏನಲ್ಲ. ಒಂದು ಹೊಂಡದಲ್ಲಿ ಹಸಿರು ಪೇಂಟ್ ಚೆಲ್ಲಿದಂಗೆ ಪಾಚಿ ಎದ್ದಿತ್ತು, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮೈಕ್ರೋಸಿಸ್ಟಿಸ್, ಸಣ್ಣ ಸಣ್ಣ ಗುಂಡುಗಳು ಲೋಳೆ ಒಳಗೆ ಗುಂಪು ಗುಂಪಾಗಿ. ಇದರ ವಿಷನ ಕರೆಂಟ್ ಕೊಟ್ಟು ಸುಡೋಣ ಅಂತ ಒಂದು ಲೀಟರ್ ತಂದು ಬೀಕರಲ್ಲಿ ಹಾಕಿ ಎರಡು ಟೈಟಾನಿಯಂ ಪ್ಲೇಟ್ ಇಳಿಸ್ದೆ, ರುಥೇನಿಯಂ ಇರಿಡಿಯಂ ಕೋಟಿಂಗ್ ಇರೋದು, ನೀರಲ್ಲಿ ಮುಳುಗಿದ್ದ ಏರಿಯಾ 40 ಚದರ ಸೆಂಟಿಮೀಟರ್, ಮಧ್ಯೆ 1 ಸೆಂಟಿಮೀಟರ್ ಗ್ಯಾಪ್. 0.4 ಆಂಪಿಯರ್ ಬೇಕಿತ್ತು ಆದ್ರೆ ಪವರ್ ಸಪ್ಲೈ 30 ವೋಲ್ಟಿಗೆ ಹೋಗಿ ನಿಂತ್ಬಿಡ್ತು, 0.3 ದಾಟ್ಲೇ ಇಲ್ಲ. ಸರಿ ಅಂತ ಒಂದು ಗ್ರಾಂ ಉಪ್ಪು ಹಾಕ್ದೆ. ವೋಲ್ಟೇಜ್ ಧಡಕ್ ಅಂತ ಎಂಟರ ಹತ್ರ ಇಳೀತು, ಕರೆಂಟ್ ಆರಾಮಾಗಿ 0.4.

ಆರೇ ನಿಮಿಷ ಕಣ್ರೀ. ಹಸಿರು ಬಿಳಚಿ ಹೋಯ್ತು, ಮೇಲೆ ಬಿಳಿ ನೊರೆ ಬಂತು, ಫಿಲ್ಟರ್ ಮಾಡಿದ್ರೆ ನೀರು ತಿಳಿ. ಗೆದ್ದೆ ಅಂತ ಅಂದ್ಕೊಂಡು ವಿಷ ಅಳೆಯೋ ಎಲೈಸಾ ಕಿಟ್‌ನಲ್ಲಿ ಮೈಕ್ರೋಸಿಸ್ಟಿನ್, ಅಂದ್ರೆ ಈ ಪಾಚಿ ಮಾಡೋ ವಿಷ, ಎಷ್ಟಿದೆ ಅಂತ ನೋಡ್ದೆ. ಕರೆಂಟ್ ಕೊಡೋಕ್ ಮುಂಚೆ ಲೀಟರಿಗೆ 1 ಮೈಕ್ರೋಗ್ರಾಂ ಚಿಲ್ರೆ ಇತ್ತು. ಕೊಟ್ಟ ಮೇಲೆ ಕಿಟ್‌ನ ಮೇಲಿನ ಮಿತಿ 5ನ್ನೂ ದಾಟ್ಬಿಟ್ಟಿದೆ! ಡೈಲ್ಯೂಟ್ ಮಾಡಿ ನೋಡೋಕೆ ಸ್ಯಾಂಪಲ್ ಉಳಿದಿರ್ಲಿಲ್ಲ. ವಿಷ ಸುಡೋಕೆ ಅಂತ ಹೋದವನು ವಿಷ ಹುಟ್ಟಿಸಿದ್ನಾ?

ಫಿಲ್ಟರ್‌ಹೌಸ್

ಹುಟ್ಟಿಸಿಲ್ರಿ, ಹೊರಗ ಹಾಕೀರಿ.

ಮೊದಲನೇ ರೀಡಿಂಗ್ ತಗೊಂಡಾಗ ನೀರು ಫಿಲ್ಟರ್ ಮಾಡಿ ಕಿಟ್‌ಗೆ ಹಾಕಿದ್ರೋ ಇಲ್ಲಾ ಹಂಗ ಹಸಿರು ನೀರ ಹಾಕಿದ್ರೋ, ಇದೊಂದು ಹೇಳ್ರಿ. ಇನ್ನೊಂದು, ಮಧ್ಯದಾಗ ಯಾವಾಗರ ಫಿಲ್ಟರ್ ಆದ ನೀರಿಗೆ ನೀಲಿ ಛಾಯೆ ಬಂದಿತ್ತೇನು?

ಹಸಿರುಹೊಂಡ

ಎರಡೂ ಸಲ ಫಿಲ್ಟರ್ ಮಾಡೇ ಹಾಕಿದ್ದು ಸಾರ್. ನೀಲಿ, ಹೌದು! ಎರಡನೇ ನಿಮಿಷಕ್ಕೆ ಒಂಚೂರು ತೆಗೆದು ಫಿಲ್ಟರ್ ಮಾಡಿದ್ದೆ, ತೆಳು ನೀಲಿ ಇತ್ತು, ಬೀಕರ್ ಕಲೆ ಅಂದ್ಕೊಂಡೆ. ಆರನೇ ನಿಮಿಷಕ್ಕೆ ಅದೂ ಹೋಗಿತ್ತು. ನಿಮಗೆ ಹೆಂಗೆ ಗೊತ್ತಾಯ್ತು?

ಫಿಲ್ಟರ್‌ಹೌಸ್

ಅದು ಫೈಕೋಸಯಾನಿನ್ ಅಂತ, ಈ ಪಾಚಿ ಒಳಗಿನ ನೀಲಿ ಬಣ್ಣ. ನೀರಾಗ ಕರಗತೈತಿ. ಕೋಶ ಗಟ್ಟಿ ಇರೋತನಕ ಒಳಗ ಇರತೈತಿ, ಒಡದ ಕೂಡ್ಲೇ ಹೊರಗ ಬರತೈತಿ. ಫಿಲ್ಟರ್ ನೀರು ನೀಲಿ ಕಂಡ್ರ ತಿಳ್ಕೋರಿ, ಕೋಶ ಒಡೀತು, ಅದರ ಜೋಡಿ ವಿಷಾನೂ ನೀರಿಗೆ ಬಂತು. ಆಮೇಲೆ ನೀವು ಹಾಕಿದ ಉಪ್ಪಿನಿಂದ ಹುಟ್ಟಿದ ಕ್ಲೋರಿನ್ ಆ ನೀಲಿನೂ ಬ್ಲೀಚ್ ಮಾಡೇತಿ. ಬಣ್ಣ ಹೋತು ಅಂದ್ರ ವಿಷ ಹೋತು ಅಂತಲ್ಲ.

ಎದ್ದು ನಿಂತ ಆರೋಗ್ಯವಂತ ಪಾಚಿಯೊಳಗ ಮೈಕ್ರೋಸಿಸ್ಟಿನ್ ಬಹುಪಾಲು ಕೋಶದ ಒಳಗನ ಇರತೈತಿ, ಹೊರಗ ನೀರಿನಾಗ ಇರೋದು ಸ್ವಲ್ಪ. ನೀವು ಮೊದಲ ಅಳದದ್ದು ಆ ಸ್ವಲ್ಪನ್ನ. ಒಳಗ ಎಷ್ಟಿತ್ತು ಅಂತ ನೋಡೇ ಇಲ್ಲ. ಫಿಲ್ಟರ್ ಮಾಡ್ದ ಹಸಿರು ನೀರು ಒಂದು ಬಾಟ್ಲಿ ತಗೊಂಡು ಮೂರು ಸಲ ಫ್ರೀಝ್ ಮಾಡಿ ಕರಗಸ್ರಿ, ಕೋಶ ಎಲ್ಲಾ ಒಡೀತಾವ, ಆಮೇಲೆ ಅಳೀರಿ. ಅದು ಒಟ್ಟು ಲೆಕ್ಕ.

ಫಿಲ್ಟರ್‌ಹೌಸ್

ತಪ್ಪಾತು, ಮೇಲೆ "ಫಿಲ್ಟರ್ ಮಾಡ್ದ" ಅಂತ ಬರದದ್ದು ಫಿಲ್ಟರ್ *ಮಾಡ್ದ ಇರೋ*, ಮಾಡಲಾರದ ನೀರು ಅಂತ ಓದ್ಕೋರಿ. ನೈಟ್ ಡ್ಯೂಟಿ ಮುಗಿಸಿ ಬರಿಯಾಕತ್ತೀನಿ.

ಸುಮ್ನೆಓದುಗ

ನಂಗೊಂದು ದಡ್ಡ ಪ್ರಶ್ನೆ, ಬೈಬೇಡಿ. ಇಷ್ಟೆಲ್ಲ ಪ್ಲೇಟು ಕರೆಂಟು ಯಾಕೆ, ಚೆನ್ನಾಗಿ ಕುದಿಸಿದ್ರೆ ಆಗಲ್ವಾ?

ಡೈಮಂಡ್‌ಆನೋಡ್

ದಡ್ಡ ಪ್ರಶ್ನೆ ಏನಲ್ಲ, ಎಲ್ಲರೂ ಇದನ್ನೇ ಮೊದಲು ಕೇಳೋದು. ಕುದಿಸಿದ್ರೆ ಕೋಶ ಒಡೆಯುತ್ತೆ, ವಿಷ ಹೊರಗೆ ಬರುತ್ತೆ, ನೀರು ಆವಿ ಆಗಿ ಕಮ್ಮಿ ಆದಷ್ಟೂ ಉಳಿದ ನೀರಲ್ಲಿ ವಿಷ ಇನ್ನೂ ಗಟ್ಟಿ ಆಗುತ್ತೆ. ಮೈಕ್ರೋಸಿಸ್ಟಿನ್ ಅನ್ನೋದು ಏಳು ಅಮೈನೋ ಆಸಿಡ್ ಸೇರಿ ಬಳೆ ತರ ಮುಚ್ಕೊಂಡಿರೋ ಅಣು, ತುದಿ ಅನ್ನೋದೇ ಇಲ್ಲ, ಬಿಸಿಗೆ ಸುಲಭಕ್ಕೆ ಬಗ್ಗಲ್ಲ. 2014ರ ಆಗಸ್ಟಲ್ಲಿ ಅಮೆರಿಕದ ಟೊಲೀಡೊ ಸಿಟಿಯಲ್ಲಿ ಈರಿ ಸರೋವರದ ಪಾಚಿ ವಿಷ ನಲ್ಲಿ ನೀರಿಗೇ ಬಂದಾಗ ಸುಮಾರು ಐದು ಲಕ್ಷ ಜನಕ್ಕೆ ಕುಡೀಬೇಡಿ ಅಂದ್ರು, ಜೊತೆಗೆ ಕುದಿಸ್ಲೂಬೇಡಿ ಅಂತಾನೇ ಹೇಳಿದ್ರು.

ಡಬ್ಲ್ಯುಎಚ್‌ಒ ಮಿತಿ ದಿನಾ ಕುಡಿಯೋ ನೀರಿಗೆ ಲೀಟರಿಗೆ 1 ಮೈಕ್ರೋಗ್ರಾಂ, ಸ್ವಲ್ಪ ದಿನದ ಮಟ್ಟಿಗೆ ಅಂದ್ರೆ 12, ಈಜೋ ಆಡೋ ನೀರಿಗೆ 24. ಅಂದ್ರೆ ನಾವು ಮಾತಾಡ್ತಿರೋದು ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗದ ಬಗ್ಗೆ, ಕಣ್ಣಿಗೆ ತಿಳಿ ಕಾಣೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ.

ಸುಮ್ನೆಓದುಗ

ಅಬ್ಬಾ. ಸರಿ ಮೇಡಂ. ಒಂದು ಮೂಲೇಲಿ ಕೂತು ಓದ್ತೀನಿ.

ಕೆರೆಕಾಗೆ

ಒಡೆದ್ರೆ ಏನಾಗುತ್ತೆ ಅನ್ನೋದಕ್ಕೆ ಎಲೆಕ್ಟ್ರಿಕ್ ಇಲ್ದೇನೂ ಹಳೇ ಕಥೆ ಇದೆ. 1979, ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್. ಕುಡಿಯೋ ನೀರಿನ ಡ್ಯಾಮಲ್ಲಿ ಪಾಚಿ ಎದ್ದಿತ್ತು ಅಂತ ಮೈಲುತುತ್ತ ಹಾಕಿದ್ರು, ಪಾಚಿ ಸತ್ತೋಯ್ತು, ಕೆಲವೇ ದಿನದಲ್ಲಿ 148 ಜನಕ್ಕೆ ಹೊಟ್ಟೆ, ಲಿವರು, ಕಿಡ್ನಿ ಎಲ್ಲ ಹಿಡ್ಕೊಳ್ತು, ಅದರಲ್ಲಿ ಹೆಚ್ಚಿನೋರು ಮಕ್ಕಳು. ಯಾವ ವಿಷ ಅಂತ ಆವಾಗ ತಿಳೀಲಿಲ್ಲ, ಆಮೇಲೆ ಆ ಡ್ಯಾಮಿನ ಪಾಚಿಯಿಂದಾನೇ ಸಿಲಿಂಡ್ರೋಸ್ಪರ್ಮಾಪ್ಸಿನ್ ಅನ್ನೋ ವಿಷ ಕಂಡುಹಿಡಿದ್ರು. ಪಾಚಿನ ಕೊಲ್ಲೋದು ಬೇರೆ, ನೀರು ಶುದ್ಧ ಮಾಡೋದು ಬೇರೆ.

ಮತ್ತೆ ಈ ಟಾಪಿಕ್ಕಲ್ಲಿ ನಾವೆಲ್ಲ ಪಾಚಿ ಪಾಚಿ ಅಂತಿದ್ದೀವಿ, ನಿಜವಾಗ್ಲೂ ಇವು ಪಾಚಿ ಅಲ್ಲ, ಸಯನೋಬ್ಯಾಕ್ಟೀರಿಯಾ. ಆದ್ರೂ ಬಾಯಿಗೆ ಬರೋದು ಅದೇ, ಬಿಡಿ.

ಡೈಮಂಡ್‌ಆನೋಡ್

ಹಸಿರುಹೊಂಡ ಅವ್ರೇ, ಈಗ ನಿಮ್ಮ ಬೀಕರ್ ವಿಷಯಕ್ಕೆ ಬರ್ತೀನಿ. ನಿಮ್ಮ ಪ್ಲೇಟ್ ವಿಷನ ನೇರ ಸುಡ್ತಿತ್ತು ಅಂದ್ಕೊಂಡಿದ್ರೆ ಅಲ್ಲ. ರುಥೇನಿಯಂ ಇರಿಡಿಯಂ ಕೋಟಿಂಗ್ ಕ್ಲೋರಿನ್ ಮಾಡೋದ್ರಲ್ಲಿ ಹುಷಾರು, 1960ರ ದಶಕದಲ್ಲಿ ಈ ತರ ಆನೋಡ್ (ಪ್ಲಸ್ ಕಡೆ ಪ್ಲೇಟ್) ಬಂದಿದ್ದೇ ಕ್ಲೋರಿನ್ ಕಾರ್ಖಾನೆಗಳಿಗೆ. ನೀವು ಉಪ್ಪು ಹಾಕಿದ ನಿಮಿಷಕ್ಕೆ ನಿಮ್ಮದು ಎಲೆಕ್ಟ್ರೋ ಆಕ್ಸಿಡೇಶನ್ ಅಲ್ಲ, ಬೀಕರ್ ಒಳಗೇ ಬ್ಲೀಚಿಂಗ್ ತಯಾರಿ.

ಲೆಕ್ಕ ಹಾಕಿ. 0.4 ಆಂಪಿಯರ್ ಆರು ನಿಮಿಷ ಅಂದ್ರೆ 144 ಕೂಲಂಬ್. ಪೂರ್ತಿ ಕರೆಂಟ್ ಕ್ಲೋರಿನ್ನಿಗೇ ಹೋದ್ರೂ 53 ಮಿಲಿಗ್ರಾಂ ಮೇಲೆ ಬರಲ್ಲ. ಒಂದು ಗ್ರಾಂ ಉಪ್ಪಲ್ಲಿ ಕ್ಲೋರೈಡ್ ಕಮ್ಮಿ ಇರೋದ್ರಿಂದ ಒಂದಷ್ಟು ಕರೆಂಟ್ ಸುಮ್ನೆ ಆಕ್ಸಿಜನ್ ಗುಳ್ಳೆ ಆಗಿ ಹೋಗುತ್ತೆ. ಉಳಿದ ಕ್ಲೋರಿನ್ ಮೊದಲು ಯಾರ ಮೇಲೆ ಬೀಳುತ್ತೆ? ಲೋಳೆ, ಪ್ರೋಟೀನ್, ಒಡೆದ ಕೋಶದಿಂದ ಬಂದ ಅಮೋನಿಯಾ. ಇವೆಲ್ಲ ಮಿಲಿಗ್ರಾಂ ಲೆಕ್ಕದಲ್ಲಿವೆ, ವಿಷ ಮೈಕ್ರೋಗ್ರಾಂ ಲೆಕ್ಕದಲ್ಲಿ. ಸಾವಿರಕ್ಕೆ ಒಂದು. ಜಾತ್ರೆಯಲ್ಲಿ ಕಳೆದುಹೋದ ಒಬ್ಬನ್ನ ಹುಡುಕ್ದಂಗೆ.

ಒಂದು ಕೇಳ್ತೀನಿ. ಈಜುಕೊಳದ ವಾಸನೆ ಬಂದಿತ್ತಾ? ಪಿಎಚ್ ಎಷ್ಟಿತ್ತು?

ಹಸಿರುಹೊಂಡ

ಕರೆಕ್ಟಾಗಿ ಈಜುಕೊಳದ ವಾಸನೆ ಮೇಡಂ, ಅದಕ್ಕೇ ಕ್ಲೋರಿನ್ ಜಾಸ್ತಿ ಉಳಿದಿದೆ ಅಂತ ಖುಷಿಪಟ್ಟೆ. ಪಿಎಚ್ ಮಧ್ಯಾಹ್ನ ನೀರು ತಂದಾಗ 9.4.

ಡೈಮಂಡ್‌ಆನೋಡ್

ಖುಷಿ ಪಡೋ ವಾಸನೆ ಅಲ್ಲ ಅದು. ಈಜುಕೊಳದ ಘಾಟು ಕ್ಲೋರಮೈನ್‌ದು, ಅಂದ್ರೆ ಕ್ಲೋರಿನ್ ಅಮೋನಿಯಾ ಜೊತೆ ಸೇರಿ ಖರ್ಚಾಗಿದೆ ಅಂತ. ಕ್ಲೋರಮೈನ್ ಮೈಕ್ರೋಸಿಸ್ಟಿನ್ ಅನ್ನ ಮುಟ್ಟೋದೇ ಇಲ್ಲ ಅನ್ನಬಹುದು.

ಪಿಎಚ್ 9.4 ಅನ್ನೋದು ಇನ್ನೊಂದು ಪೆಟ್ಟು. ಪಾಚಿ ಹಗಲೆಲ್ಲ ನೀರಲ್ಲಿರೋ ಕಾರ್ಬನ್ ಡೈ ಆಕ್ಸೈಡ್ ತಿಂದು ಪಿಎಚ್ ಮೇಲಕ್ಕೆ ಎತ್ತಿರುತ್ತೆ. ಕೆಲಸ ಮಾಡೋ ಕ್ಲೋರಿನ್ ಅಂದ್ರೆ ಹೈಪೋಕ್ಲೋರಸ್ ಆಸಿಡ್, ಅದು ಪಿಎಚ್ 7ರಲ್ಲಿ ನಾಲ್ಕರಲ್ಲಿ ಮೂರು ಪಾಲು ಇರುತ್ತೆ, 7.5ರಲ್ಲಿ ಅರ್ಧ, 9.4ಕ್ಕೆ ಬಂದ್ರೆ ನೂರಕ್ಕೆ ಒಂದು. ಮಿಕ್ಕಿದ್ದೆಲ್ಲ ಹೈಪೋಕ್ಲೋರೈಟ್ ಅಯಾನ್, ಅದು ಈ ವಿಷದ ಮೇಲೆ ಸೋಮಾರಿ. ಕೋಶ ಒಡೆಯೋಷ್ಟು ಕ್ಲೋರಿನ್ ಇತ್ತು, ವಿಷ ಒಡೆಯೋಷ್ಟು ಇರ್ಲಿಲ್ಲ, ಇದು ಎಲ್ಲಕ್ಕಿಂತ ಕೆಟ್ಟ ಜಾಗ, ನೀವು ನೇರ ಅಲ್ಲಿಗೇ ಹೋಗಿ ನಿಂತಿದ್ದೀರಿ. ಹೀಗಾಗಿದ್ದು ನೀವೊಬ್ರೇ ಅಲ್ಲ ಬಿಡಿ, ನನ್ನ ಮೊದಲನೇ ಬ್ಯಾಚೂ ಇದೇ ಕಥೆ, ಮೂರು ವಾರ ಕಿಟ್ ಸರಿ ಇಲ್ಲ ಅಂತ ಕಿಟ್ಟನ್ನ ಬೈದಿದ್ದೆ.

ಲೆಕ್ಕದವ್ನು

30 ವೋಲ್ಟ್ ಯಾಕೆ ನಿಂತ್ಕೊಳ್ತು ಅನ್ನೋದು ಯಾರೂ ಹೇಳ್ಲಿಲ್ವಲ್ಲ, ನಾನು ಹೇಳ್ತೀನಿ ಯಾಕಂದ್ರೆ ಈ ಇಡೀ ಟೆಕ್ನಾಲಜಿ ಸಿಕ್ಕಾಕೊಂಡಿರೋದೇ ಅಲ್ಲಿ. ಸಿಹಿನೀರಿನ ಕಂಡಕ್ಟಿವಿಟಿ, ಅಂದ್ರೆ ಕರೆಂಟ್ ಹಾಯಿಸೋ ಗುಣ, ಸೆಂಟಿಮೀಟರಿಗೆ ಸುಮಾರು 0.3 ಮಿಲಿಸೀಮೆನ್ಸ್ ಅಂತ ಇಟ್ಕೊಳ್ಳಿ, ಚದರ ಸೆಂಟಿಮೀಟರಿಗೆ 10 ಮಿಲಿಆಂಪ್, ಗ್ಯಾಪ್ 1 ಸೆಂಟಿಮೀಟರ್. ಬರೀ ನೀರು ದಾಟೋಕೆ 33 ವೋಲ್ಟ್ ಬೇಕು. ರಿಯಾಕ್ಷನ್ನಿಗೆ ಬೇಕಾಗಿರೋದು ಮೂರ್ನಾಲ್ಕು ವೋಲ್ಟ್ ಅಷ್ಟೇ. ಅಂದ್ರೆ ಹತ್ತು ಪಾಲು ಪವರಲ್ಲಿ ಒಂಬತ್ತು ಪಾಲು ನೀರು ಬಿಸಿ ಮಾಡೋಕೆ ಹೋಗುತ್ತೆ. ಗ್ಯಾಪ್ 2 ಮಿಲಿಮೀಟರಿಗೆ ತಂದ್ರೆ ಅದೇ 33 ಇದ್ದಿದ್ದು 7ರ ಒಳಗೆ ಬರುತ್ತೆ. ಆದ್ರೆ 2 ಮಿಲಿಮೀಟರ್ ಸಂದಿಯಲ್ಲಿ ಪಾಚಿ ಮುದ್ದೆ ಸಿಕ್ಕಾಕೊಂಡ್ರೆ ಮುಗೀತು ಕಥೆ.

ಉಪ್ಪು ಸುರಿಯೋದು ಲ್ಯಾಬ್ ಬುದ್ಧಿ. ಪೇಪರಲ್ಲಿ ರಿಸಲ್ಟ್ ಚೆನ್ನಾಗಿ ಕಾಣ್ಲಿ ಅಂತ ಸೋಡಿಯಂ ಸಲ್ಫೇಟ್ ಹಾಕಿ ಕಂಡಕ್ಟಿವಿಟಿ ಏರಿಸ್ತಾರೆ, ಕೆರೆಗೆ ಯಾರು ಸುರೀತಾರೆ ಅದನ್ನ?

ಉಪ್ಪುನೀರು

ಅಲ್ಲ ಮಾರಾಯ್ರೆ, ಉಪ್ಪು ಬೈಬೇಡಿ. ನಮ್ಮ ಕಡೆ ಉಪ್ಪು ಬೇಕಾದಷ್ಟು ಉಂಟು. ನಾನು ಹಡಗಿನ ಬ್ಯಾಲಸ್ಟ್ ನೀರಿನ (ತೂಕಕ್ಕೆ ಅಂತ ಹಡಗಲ್ಲಿ ತುಂಬಿಸುವ ನೀರು) ಸಿಸ್ಟಮ್ ನೋಡ್ಕೊಳ್ಳುವವ, ಸಮುದ್ರದ ನೀರಿನ ಕಂಡಕ್ಟಿವಿಟಿ ಸೆಂಟಿಮೀಟರಿಗೆ 50 ಮಿಲಿಸೀಮೆನ್ಸ್, ನಿಮ್ಮ ಆ 33 ವೋಲ್ಟ್ ಇಲ್ಲಿ 0.2 ವೋಲ್ಟ್. ಹಡಗು ಒಂದು ಬಂದರಲ್ಲಿ ತುಂಬಿಸಿದ ನೀರಲ್ಲಿ ವಿಷದ ಪಾಚಿಯ ಸಿಸ್ಟ್ (ಬೀಜದ ಹಾಗೆ ಮಲಗಿರುವ ಕೋಶ) ಕೂತ್ಕೊಂಡು ಇನ್ನೊಂದು ಬಂದರಿಗೆ ಹೋಗ್ತದೆ, ಅದನ್ನ ತಡಿಲಿಕ್ಕೆ 2004ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದ ಆಗಿ 2017ರ ಸೆಪ್ಟೆಂಬರಲ್ಲಿ ಜಾರಿಗೆ ಬಂತು. ತುಂಬಾ ಹಡಗಲ್ಲಿ ಇರುವುದು ಇದೇ ಎಲೆಕ್ಟ್ರೋಕ್ಲೋರಿನೇಶನ್, ಉಪ್ಪುನೀರಿಗೆ ಕರೆಂಟ್ ಕೊಟ್ಟು ಕ್ಲೋರಿನ್ ಮಾಡುವುದು. ಮೊದಲು ಫಿಲ್ಟರ್, ಆಮೇಲೆ ಕರೆಂಟ್, ನೀರು ಹೊರಗೆ ಬಿಡುವಾಗ ಉಳಿದ ಕ್ಲೋರಿನ್ ಸಾಯಿಸ್ಲಿಕ್ಕೆ ಥಯೋಸಲ್ಫೇಟ್. ಹಡಗು ನದಿ ಮುಖದ ಸಿಹಿನೀರಿಗೆ ಹೋದ್ರೆ ಮಾತ್ರ ಅಲಾರಂ ಹೊಡ್ಕೊಳ್ತದೆ, ಆಗ ಟ್ಯಾಂಕಲ್ಲಿ ತೆಗ್ದಿಟ್ಟ ಸಮುದ್ರದ ನೀರನ್ನ ಸೇರಿಸ್ಬೇಕು. ಲೆಕ್ಕದವ್ನು ಹೇಳಿದ್ದು ಕಣ್ಣಾರೆ ನೋಡಿದ್ದೇನೆ.

ಒಂದು ಮಾತ್ರ, ಸಮುದ್ರದಲ್ಲಿ ಲೀಟರಿಗೆ 65 ಮಿಲಿಗ್ರಾಂ ಬ್ರೋಮೈಡ್ ಉಂಟು, ಅದರಿಂದ ಕ್ಲೋರಿನ್ನಿನ ಬದಲು ಬ್ರೋಮಿನ್ ಸಂತಾನ ಎಲ್ಲ ಹುಟ್ತದೆ, ಬ್ರೋಮೋಫಾರ್ಮ್ ಮತ್ತೆಲ್ಲ. ಮತ್ತೆ ನಮ್ಮ ಕೆಲಸ ಜೀವಿ ಸಾಯಿಸುವುದು, ಆ ನೀರು ಯಾರೂ ಕುಡಿಯುವುದಿಲ್ಲ. ಅದು ಬೇರೆ ವಿಷಯ.

ಬಿಸಿಲುಪೆಟ್ಟಿಗೆ

ಈಗಷ್ಟೇ ನೋಡಿದೆ ಈ ಚರ್ಚೆ. ಇಷ್ಟು ತಲೆ ಯಾಕೆ ಕೆಡಿಸ್ಕೊಳ್ತೀರ, ಕೆರೆ ಮೇಲೆ ತೇಲೋ ಸೋಲಾರ್ ಹಾಕಿ ಕೆಳಗೆ ಅಲ್ಯೂಮಿನಿಯಂ ಪ್ಲೇಟ್ ಇಳಿಬಿಟ್ರೆ ದಿನಾ ತಾನಾಗೇ ಪಾಚಿ ಹೋಗುತ್ತೆ. ಎಲೆಕ್ಟ್ರೋಕೋಆಗ್ಯುಲೇಶನ್ ಅಂತ ವಿಡಿಯೋದಲ್ಲಿ ನೋಡಿದ್ದೀನಿ, ಹತ್ತು ನಿಮಿಷಕ್ಕೆ ಬಕೆಟ್ ನೀರು ಸ್ಫಟಿಕ.

ಲೆಕ್ಕದವ್ನು

ಬಕೆಟ್ ಸರಿ ಗುರೂ, ಕೆರೆ ಲೆಕ್ಕ ಹಾಕೋಣ.

ಒಂದು ಆಂಪಿಯರ್ ಒಂದು ಗಂಟೆ ಹರಿದ್ರೆ ಅಲ್ಯೂಮಿನಿಯಂ ಪ್ಲೇಟಿಂದ 0.336 ಗ್ರಾಂ ಕರಗುತ್ತೆ, ಇದು ಫ್ಯಾರಡೆ ಕಾಲದಿಂದ ಬದಲಾಗಿಲ್ಲ. ಲೀಟರಿಗೆ 20 ಮಿಲಿಗ್ರಾಂ ಬೇಕು ಅಂದ್ರೆ ಒಂದು ಘನ ಮೀಟರಿಗೆ 60 ಆಂಪಿಯರ್ ಗಂಟೆ. ಅರ್ಧ ಸೆಂಟಿಮೀಟರ್ ಗ್ಯಾಪಲ್ಲಿ ಸಿಹಿನೀರಿಗೆ 18 ವೋಲ್ಟ್ ಹತ್ರ ಆಗುತ್ತೆ, ಅಲ್ಲಿಗೆ ಘನ ಮೀಟರಿಗೆ ಒಂದು ಯೂನಿಟ್ ಚಿಲ್ರೆ. ಒಂದು ಹೆಕ್ಟೇರ್ ಕೆರೆ, ಎರಡು ಮೀಟರ್ ಆಳ, ಚಿಕ್ಕದೇ, 20,000 ಘನ ಮೀಟರ್. ಇಪ್ಪತ್ತು ಸಾವಿರ ಯೂನಿಟ್, 400 ಕಿಲೋ ಅಲ್ಯೂಮಿನಿಯಂ. ಒಳ್ಳೆ ಬಿಸಿಲಲ್ಲಿ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ನಾಲ್ಕು ಯೂನಿಟ್ ಕೊಡ್ತು ಅನ್ನಿ, 50 ಕಿಲೋವ್ಯಾಟ್ ಹಾಕಿದ್ರೂ ಕೆರೆ ಒಂದು ಸುತ್ತು ಮುಗಿಯೋಕೆ ನೂರು ದಿನ. ಪಾಚಿ ಕೆಲವೇ ದಿನಕ್ಕೆ ಎರಡರಷ್ಟು ಆಗುತ್ತೆ. ನೀವು ಈ ದಡದಿಂದ ಆ ದಡ ಮುಟ್ಟೋಷ್ಟರಲ್ಲಿ ಈ ದಡ ಮತ್ತೆ ಹಸಿರು.

ಕೆರೆಕಾಗೆ

ಇದಕ್ಕೆ ಸೇರಿಸ್ತೀನಿ. ಕೆರೆಗೆ ರಂಜಕ ಹರಿದು ಬರ್ತಾನೇ ಇದ್ರೆ ಪ್ಲೇಟ್ ಇಳಿಸಿ ಏನು ಮಾಡ್ತೀರಿ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. 1973ರಲ್ಲಿ ಕೆನಡಾದ ಒಂದು ಸರೋವರ, ನಂಬರ್ 226, ಮಧ್ಯೆ ಪರದೆ ಕಟ್ಟಿ ಎರಡು ಭಾಗ ಮಾಡಿದ್ರು, ಡೇವಿಡ್ ಶಿಂಡ್ಲರ್ ಮತ್ತೆ ಅವರ ತಂಡ. ಒಂದು ಕಡೆ ಕಾರ್ಬನ್ ಸಾರಜನಕ ಮಾತ್ರ, ಇನ್ನೊಂದು ಕಡೆ ಅದರ ಜೊತೆ ರಂಜಕ. ರಂಜಕದ ಕಡೆ ಪೂರ್ತಿ ಹಸಿರಾಯ್ತು, ಈ ಕಡೆ ಇಲ್ಲ. ಮೇಲಿಂದ ತೆಗೆದ ಆ ಫೋಟೋ ನೋಡಿದ್ರೆ ಭಾಷಣಾನೇ ಬೇಡ. ಅಲ್ಯೂಮಿನಿಯಂ ರಂಜಕಾನೂ ಹಿಡ್ಕೊಳ್ಳುತ್ತೆ ಅನ್ನೋದು ನಿಜ, ಆದ್ರೆ ಅದಕ್ಕೆ ಕರೆಂಟ್ ಯಾಕೆ ಬೇಕು, ಆಲಂ (ಪಟಿಕ) ಸುರಿದ್ರೂ ಹಿಡಿಯುತ್ತೆ.

ಬಿಸಿಲುಪೆಟ್ಟಿಗೆ

ಸರಿ ಸರಿ, ಕೆರೆ ಬಿಟ್ಟೆ. ಆದ್ರೆ ವಿಡಿಯೋ ಸುಳ್ಳಲ್ಲ ಅಲ್ವಾ?

ಫಿಲ್ಟರ್‌ಹೌಸ್

ಸುಳ್ಳಲ್ರಿ. ಖರೇ ಹೇಳ್ಬೇಕಂದ್ರ ನಿಮ್ಮ ಮಾತಿನಾಗ ಅರ್ಧ ಉತ್ತರ ಐತಿ. ಕೆರೆ ಮಾತು ಬಿಡ್ರಿ, ಕೆರೆಯಿಂದ ಒಳಗ ಬರೋ ನೀರಿಗೆ ಅದು ಛಲೋ.

ನೋಡ್ರಿ, ಮೈಕ್ರೋಸಿಸ್ಟಿಸ್ ಕೋಶದೊಳಗ ಗಾಳಿ ಚೀಲ ಅದಾವ, ಅದು ತೇಲೂದ ಅದರ ಸ್ವಭಾವ. ನಮ್ಮ ಪ್ಲಾಂಟಿನಾಗ ಆಲಂ ಹಾಕಿ ತಳಕ್ಕ ಕೂಡಸಾಕ ಒದ್ದಾಡ್ತೀವಿ, ಅದು ಮ್ಯಾಲ ಬರತೈತಿ, ಸೆಡಿಮೆಂಟೇಶನ್ ಟ್ಯಾಂಕಿನ ಮ್ಯಾಲ ಹಸಿರು ಕೆನೆ. ಎಲೆಕ್ಟ್ರೋಕೋಆಗ್ಯುಲೇಶನ್‌ನಾಗ ಆನೋಡ್ ಕಡೆ ಅಲ್ಯೂಮಿನಿಯಂ ಕರಗಿ ಹೈಡ್ರಾಕ್ಸೈಡ್ ಹಿಂಜು, ಅಂದ್ರ ಹಿಂಜಿದ ಹತ್ತಿಯಂಥ ಮೆತ್ತನ ತುಣುಕು, ಆಗತೈತಿ, ಕ್ಯಾಥೋಡ್ (ಮೈನಸ್ ಪ್ಲೇಟ್) ಕಡೆ ಸಣ್ಣ ಸಣ್ಣ ಹೈಡ್ರೋಜನ್ ಗುಳ್ಳೆ, ಆ ಗುಳ್ಳೆ ಹಿಂಜನ್ನ ಪಾಚಿ ಸಮೇತ ಎತ್ಕೊಂಡು ಮ್ಯಾಲ ಬರತಾವ. ತೇಲೋದನ್ನ ತೇಲಿಸೇ ತೆಗಿಯೂದು. ಕೋಶ ಒಡಿಯಂಗಿಲ್ಲ, ಒಳಗಿನ ವಿಷ ಒಳಗ. ಮ್ಯಾಲಿನ ಕೆನೆ ಕೆರದು ತೆಗದ್ರ ಬಹುಪಾಲು ವಿಷ ಅದರ ಜೋಡಿನ ಹೋತು.

ಆದ್ರ ಉಪ್ಪು ಹಾಕಬ್ಯಾಡ್ರಿ ಮತ್ತ, ಕ್ಲೋರಿನ್ ಹುಟ್ಟಿದ್ರ ಕೋಶ ಒಡೀತಾವ, ಮೊದಲಿನ ಕಥಿನ ಮತ್ತ. ಆಮೇಲೆ ಆ ಕೆನೆ ಎಲ್ಲರ ಇಟ್ಟು ಮರೀಬ್ಯಾಡ್ರಿ. ಕೆಲವು ದಿನಕ್ಕ ಕೊಳತು ಕೋಶ ಒಡದು ಆ ನೀರು ತಿರುಗಿ ವಿಷ ಆಗತೈತಿ. ನಾನು ಮೊದಲಿದ್ದ ಒಂದು ಪ್ಲಾಂಟಿನಾಗ ಕೆಸರಿನ ತಿಳಿ ನೀರನ್ನ ನೀರು ಉಳಸಾಕಂತ ತಿರುಗಿ ಇನ್‌ಲೆಟ್‌ಗೆ ಬಿಡ್ತಿದ್ರು. ನಾಲ್ಕನೇ ದಿನ ನೀರಿಗೆ ಮಣ್ಣಿನ ವಾಸನಿ, ಜಿಯೋಸ್ಮಿನ್. ವಾಸನಿ ಬಂದದ್ದಕ್ಕ ಗೊತ್ತಾತು, ವಿಷಕ್ಕ ವಾಸನಿ ಎಲ್ಲೈತ್ರಿ.

ಹಸಿರುಹೊಂಡ

ಅಂದ್ರೆ ಮೊದ್ಲು ಒಡೀದೆ ತೆಗಿ, ಆಮೇಲೆ ನೀರಲ್ಲಿ ಕರಗಿ ಉಳಿದಿದ್ದನ್ನ ಸುಡು. ನಾನು ಎರಡೂ ಒಂದೇ ಬೀಕರಲ್ಲಿ ಒಂದೇ ಸಲ ಮಾಡೋಕೆ ಹೋಗಿದ್ದೆ. ಸುಡೋಕೆ ಡೈಮಂಡ್ ಪ್ಲೇಟೇ ಬೇಕಾ ಮೇಡಂ? ನಿಮ್ಮ ಹೆಸರೇ ಹಂಗಿದೆ ಅದಕ್ಕೆ ಕೇಳ್ದೆ.

ಡೈಮಂಡ್‌ಆನೋಡ್

ಹಹ, ಹೆಸರು ಇಟ್ಕೊಂಡಾಗ ಅದರ ಮೇಲೆ ಪ್ರೀತಿ ಇತ್ತು, ಈಗ ಸ್ವಲ್ಪ ಕಮ್ಮಿ ಆಗಿದೆ.

ಬೋರಾನ್ ಸೇರಿಸಿದ ಡೈಮಂಡ್ ಕೋಟಿಂಗ್ ಮೇಲೆ ನೀರು ಸುಲಭಕ್ಕೆ ಆಕ್ಸಿಜನ್ ಆಗಲ್ಲ, ಅದಕ್ಕೆ ಮುಂಚೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಅನ್ನೋ ಭಾರಿ ಚುರುಕಿನ ತುಣುಕು ಹುಟ್ಟುತ್ತೆ. ಅದರ ಆಕ್ಸಿಡೇಶನ್ ಪೊಟೆನ್ಷಿಯಲ್, ಅಂದ್ರೆ ಸುಡೋ ತಾಕತ್ತು, 2.8 ವೋಲ್ಟ್, ಓಝೋನಿಗೆ 2.07, ಕ್ಲೋರಿನ್ನಿಗೆ 1.36. ಎದುರಿಗೆ ಯಾವ ಸಾವಯವ ಅಣು ಬಂದ್ರೂ ಬಿಡಲ್ಲ. ಆದ್ರೆ ಅದರ ಆಯಸ್ಸು ಎಷ್ಟು ಕಮ್ಮಿ ಅಂದ್ರೆ ಪ್ಲೇಟಿಗೆ ಅಂಟ್ಕೊಂಡಿರೋ ಕೂದಲೆಳೆಗಿಂತ ತೆಳು ಪದರದಲ್ಲೇ ಹುಟ್ಟಿ ಅಲ್ಲೇ ಸಾಯುತ್ತೆ. ವಿಷದ ಅಣು ತಾನಾಗಿ ಪ್ಲೇಟ್ ಹತ್ರ ಬರಬೇಕು. ಲೀಟರಿಗೆ ಐದಾರು ಮೈಕ್ರೋಗ್ರಾಂ ಇರೋ ಅಣು ಯಾವಾಗ ಬರುತ್ತೆ? ಕರೆಂಟ್ ಜಾಸ್ತಿ ಮಾಡಿದ್ರೆ ಬೇಗ ಬರಲ್ಲ, ಬರೀ ಗುಳ್ಳೆ ಜಾಸ್ತಿ ಆಗುತ್ತೆ. ನೀರು ಜೋರಾಗಿ ಕಲಕಬೇಕು, ಇಲ್ಲಾ ಜಾಲರಿ ತರ ಆನೋಡ್ ಮಾಡಿ ಅದರೊಳಗಿಂದಾನೇ ನೀರು ಹಾಯಿಸಬೇಕು.

ಪ್ರೀತಿ ಕಮ್ಮಿ ಆಗಿದ್ದು ಬೇರೆ ಕಾರಣಕ್ಕೆ. ನೀರಲ್ಲಿ ಕ್ಲೋರೈಡ್ ಇದ್ರೆ ಡೈಮಂಡ್ ಅದನ್ನ ಕ್ಲೋರಿನ್‌ಗೆ ನಿಲ್ಲಿಸಲ್ಲ, ಕ್ಲೋರೇಟ್, ಅಲ್ಲಿಂದ ಪರ್‌ಕ್ಲೋರೇಟ್ ತನಕ ತಳ್ಳುತ್ತೆ. ಪರ್‌ಕ್ಲೋರೇಟ್ ಥೈರಾಯ್ಡಿಗೆ ಅಯೋಡಿನ್ ಹೋಗದಂಗೆ ಅಡ್ಡ ನಿಲ್ಲುತ್ತೆ, ಡಬ್ಲ್ಯುಎಚ್‌ಒ ಮಿತಿ ಲೀಟರಿಗೆ 70 ಮೈಕ್ರೋಗ್ರಾಂ, ಒಮ್ಮೆ ಆಯ್ತು ಅಂದ್ರೆ ನೀರಿಂದ ತೆಗೆಯೋದು ಹರಸಾಹಸ. ಮೈಕ್ರೋಸಿಸ್ಟಿನ್ ಸೊನ್ನೆ ಮಾಡಿ ಪರ್‌ಕ್ಲೋರೇಟ್ ತುಂಬಿದ್ರೆ ಏನು ಸಾಧನೆ? ಎಷ್ಟೋ ಕಡೆ ಮೊದಲನೇ ಗ್ರಾಫ್ ತೋರಿಸ್ತಾರೆ, ಎರಡನೇದನ್ನ ಅಳೆಯೋದೇ ಇಲ್ಲ, ನಂಗೆ ಇದಕ್ಕೇ ಸಿಟ್ಟು.

ಇನ್ನೊಂದು ವಿಷಯ, ವಿಷನ ಪೂರ್ತಿ ಕಾರ್ಬನ್ ಡೈ ಆಕ್ಸೈಡ್ ತನಕ ಸುಡೋ ಹಠ ಬೇಡ. ಮೈಕ್ರೋಸಿಸ್ಟಿನ್ನಿನ ಹಲ್ಲು ಇರೋದು ಆಡ್ಡಾ ಅನ್ನೋ ಬಾಲದಲ್ಲಿ, ಅದರಲ್ಲಿ ಅಕ್ಕಪಕ್ಕ ಎರಡು ಡಬಲ್ ಬಾಂಡ್ ಇವೆ, ಅಲ್ಲಿ ಒಂದು ಏಟು ಬಿದ್ರೆ ಲಿವರಿನ ಎಂಜೈಮಿಗೆ ಅದು ಸರಿಯಾಗಿ ಕೂರಲ್ಲ. ಬಾಲ ಮುರಿದ್ರೆ ಸಾಕು, ಮೂಳೆ ಸುಡೋಕೆ ಯಾಕೆ ಕರೆಂಟ್ ಖರ್ಚು. ನಿಮ್ಮ ಹತ್ರ ಇರೋ ರುಥೇನಿಯಂ ಪ್ಲೇಟೇ ಸಾಕು, ಕೋಶ ತೆಗೆದ ನೀರಲ್ಲಿ, ಪಿಎಚ್ 7ಕ್ಕೆ ಇಳಿಸಿ. ಹಾಂ, ಬೇರೆ ವಿಷ ಆಗಿದ್ರೆ ಈ ಮಾತು ನಡೆಯಲ್ಲ, ಅನಾಟಾಕ್ಸಿನ್ ಮೇಲೆ ಕ್ಲೋರಿನ್ ತೀರಾ ನಿಧಾನ.

ಸುಮ್ನೆಓದುಗ

ಎಲೆಕ್ಟ್ರೋ ಫೆಂಟನ್ ಅಂತ ಎಲ್ಲೋ ಓದಿದ್ದೆ, ಅದು?

ಡೈಮಂಡ್‌ಆನೋಡ್

ಕಾರ್ಬನ್ ಕ್ಯಾಥೋಡ್ ಮೇಲೆ ಆಕ್ಸಿಜನ್ನಿಂದ ಹೈಡ್ರೋಜನ್ ಪೆರಾಕ್ಸೈಡ್ ಮಾಡಿ ಕಬ್ಬಿಣದ ಜೊತೆ ಸೇರಿಸೋದು. ಚೆನ್ನಾಗಿದೆ, ಆದ್ರೆ ಪಿಎಚ್ 3ರ ಹತ್ರ ಬೇಕು. 9.4 ಇರೋ ನೀರನ್ನ 3ಕ್ಕೆ ಇಳಿಸಿ ಮತ್ತೆ 7ಕ್ಕೆ ಏರಿಸಿ, ಕೆರೆ ನೀರಿಗೆ ಇದೆಲ್ಲ ಆಗೋ ಮಾತಾ?

ಹಸಿರುಹೊಂಡ

ಹತ್ತು ದಿನ ಆದ್ಮೇಲೆ ಬರ್ತಿದ್ದೀನಿ, ಕ್ಷಮಿಸಿ, ಹೊಸ ಪಾಚಿ ಏಳೋ ತನಕ ಕಾಯಬೇಕಾಯ್ತು.

ಈ ಸಲ ಮೊದಲು ಒಟ್ಟು ವಿಷ ಅಳೆದೆ, ಫಿಲ್ಟರ್‌ಹೌಸ್ ಸಾರ್ ಹೇಳಿದ ಹಂಗೆ ಮೂರು ಸಲ ಫ್ರೀಝ್ ಮಾಡಿ ಕರಗಿಸಿ. ಡೈಲ್ಯೂಟ್ ಮಾಡದೇ ಓದೋಕೇ ಆಗ್ಲಿಲ್ಲ, ಅಷ್ಟು ಇತ್ತು ಒಳಗೆ. ಆಮೇಲೆ ಕಾರ್ಬನ್ ಡೈ ಆಕ್ಸೈಡ್ ಬಬಲ್ ಮಾಡಿ ಪಿಎಚ್ 7.5ಕ್ಕೆ ತಂದೆ, ಅಲ್ಯೂಮಿನಿಯಂ ಪ್ಲೇಟ್, ಅರ್ಧ ಸೆಂಟಿಮೀಟರ್ ಗ್ಯಾಪ್, ಉಪ್ಪು ಇಲ್ಲ, 0.4 ಆಂಪಿಯರ್, ಒಂಬತ್ತು ನಿಮಿಷ. ಮೊದಲು ಮೂರು ನಿಮಿಷ ಏನೂ ಆಗ್ಲಿಲ್ಲ, ನೀರು ಹಾಲು ಬಿದ್ದಂಗೆ ಮಬ್ಬಾಯ್ತು ಅಷ್ಟೇ. ಐದನೇ ನಿಮಿಷಕ್ಕೆ ಹಿಂಜು ಕಣ್ಣಿಗೆ ಕಾಣೋಕೆ ಶುರು, ಹಸಿರೆಲ್ಲ ಅದರ ಮೈಗೆ ಅಂಟ್ಕೊಂಡು ಮೇಲಕ್ಕೆ ಹೋಗ್ತಿದೆ, ಕರೆಂಟ್ ಆಫ್ ಮಾಡಿ ಅರ್ಧ ಗಂಟೆ ಬಿಟ್ರೆ ಮೇಲೆ ಒಂದು ಬೆರಳು ದಪ್ಪ ಹಸಿರು ಕಂಬಳಿ, ಕೆಳಗೆ ತಿಳಿ. ಕೆಳಗಿನ ನಲ್ಲಿಯಿಂದ ನೀರು ತೆಗೆದು ಫಿಲ್ಟರ್ ಮಾಡ್ದೆ, ಮೊಬೈಲ್ ಟಾರ್ಚ್ ಹಿಡಿದು ನೋಡ್ದೆ, ನೀಲಿ ಇಲ್ಲ. ಕರಗಿದ ವಿಷ ಮೊದಲಿದ್ದ 1 ಚಿಲ್ರೆಯಲ್ಲೇ ನಿಂತಿದೆ, ಏರಿಲ್ಲ. ಇಳಿದೂ ಇಲ್ಲ.

ಆ ನೀರಿಗೆ ರುಥೇನಿಯಂ ಪ್ಲೇಟ್, ಒಂಚೂರು ಉಪ್ಪು, ಪಿಎಚ್ 7, ಮ್ಯಾಗ್ನೆಟ್ ಸ್ಟಿರ್ರರ್ ಜೋರಾಗಿ. ಹತ್ತು ನಿಮಿಷ ಆದ್ಮೇಲೆ ಸ್ಯಾಂಪಲ್ಲಿಗೆ ತಕ್ಷಣ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ನಿಲ್ಲಿಸ್ದೆ. 0.3ಕ್ಕಿಂತ ಕೆಳಗೆ ಬಂತು!! ಎರಡು ಸಲ ಮಾಡ್ದೆ, ಎರಡು ಸಲಾನೂ.

ಡೈಮಂಡ್‌ಆನೋಡ್

ಭೇಷ್! ಎರಡು ವಿಚಾರ ಮಾತ್ರ ಕೇಳ್ತೀನಿ, ಖುಷಿ ಹಾಳು ಮಾಡೋಕಲ್ಲ. ಸ್ಯಾಂಪಲ್ ಗ್ಲಾಸ್ ಬಾಟ್ಲೀಲಿ ಇಟ್ಟಿದ್ರಾ? ಕೆಲವು ಪ್ಲಾಸ್ಟಿಕ್ಕಿಗೆ ಈ ವಿಷ ಅಂಟ್ಕೊಳ್ಳುತ್ತೆ, ನೀರಲ್ಲಿ ಕಮ್ಮಿ ಆಯ್ತು ಅಂತ ಮೋಸ ಹೋಗ್ತೀರಿ. ಕರೆಂಟ್ ಕೊಡದೆ ಅಷ್ಟೇ ಹೊತ್ತು ಕಲಕಿದ ಬೀಕರ್ ಒಂದು ಪಕ್ಕದಲ್ಲಿ ಇತ್ತಾ? ಮತ್ತೆ ಕ್ಲೋರೇಟ್ ಒಮ್ಮೆ ಅಳೀರಿ, ಮಿತಿ 0.7 ಮಿಲಿಗ್ರಾಂ.

ಫಿಲ್ಟರ್‌ಹೌಸ್

ಅಲ್ಯೂಮಿನಿಯಂ ಎಷ್ಟು ಉಳದೈತಿ ಅದನ್ನೂ ನೋಡ್ರಿ, 0.2 ಮಿಲಿಗ್ರಾಂ ದಾಟಬಾರ್ದು. ಕ್ಯಾಥೋಡ್ ಕಡೆ ಕ್ಷಾರ ಜಾಸ್ತಿ ಆಗಿ ಆ ಪ್ಲೇಟೂ ಕರಗತೈತಿ, ಲೆಕ್ಕಕ್ಕಿಂತ ಹೆಚ್ಚ ಬರತೈತಿ. ಮತ್ತ ಕಿಟಕಿ ತಗದಿಡ್ರಿ, ಹೈಡ್ರೋಜನ್ ಗಾಳಿಯೊಳಗ ನೂರಕ್ಕ ನಾಕು ಆದ್ರ ಕಿಡಿ ಸಾಕು.

ಹಸಿರುಹೊಂಡ

ಗ್ಲಾಸೇ ಮೇಡಂ. ಕರೆಂಟ್ ಇಲ್ದಿರೋ ಬೀಕರ್ ಇಡ್ಲಿಲ್ಲ, ಬೈಕೊಳ್ಳಿ, ಈ ವಾರ ಇಡ್ತೀನಿ. ಕ್ಲೋರೇಟ್, ಅಲ್ಯೂಮಿನಿಯಂ ಎರಡಕ್ಕೂ ಸ್ಯಾಂಪಲ್ ಎತ್ತಿಟ್ಟಿದ್ದೀನಿ. ಹಸಿರು ಕಂಬಳಿ ಮುಚ್ಚಳ ಹಾಕಿ ಫ್ರೀಝರಲ್ಲಿದೆ, ಸಿಂಕಿಗೆ ಚೆಲ್ಲಿಲ್ಲ ಸಾರ್.

ಒಂದು ಹೊಸ ತಲೆನೋವು. ರುಥೇನಿಯಂ ಜೋಡಿಯಲ್ಲಿ ಕ್ಯಾಥೋಡ್ ಆಗಿದ್ದ ಪ್ಲೇಟ್ ಮೇಲೆ ಬಿಳಿ ಸುಣ್ಣದ ತರ ಗಟ್ಟಿ ಕೂತಿದೆ, ಎರಡನೇ ರನ್‌ಗೆ ವೋಲ್ಟೇಜ್ ಎರಡು ಜಾಸ್ತಿ ಆಯ್ತು. ಪ್ಲಸ್ ಮೈನಸ್ ಉಲ್ಟಾ ಮಾಡಿದ್ರೆ ಉದುರುತ್ತಾ?

ಉಪ್ಪುನೀರು

ಸುಣ್ಣದ ತರ ಅಲ್ಲ, ಕ್ಯಾಲ್ಸಿಯಂ ಕಾರ್ಬೋನೇಟೇ ಅದು. ಉಲ್ಟಾ ಮಾಡಿದ್ರೆ ಉದುರ್ತದೆ, ಆದ್ರೆ ಕೋಟಿಂಗ್ ಪ್ಲೇಟನ್ನ ಪದೇ ಪದೇ ತಿರುಗಿಸ್ಬೇಡಿ ಮಾರಾಯ್ರೆ, ಕೋಟಿಂಗೇ ಎದ್ದು ಹೋಗ್ತದೆ. ಅಲ್ಯೂಮಿನಿಯಂ ಜೋಡಿಗೆ ಬೇಕಾದ್ರೆ ತಿರುಗಿಸಿ, ಅದಕ್ಕೆ ಒಳ್ಳೆದೇ, ಎರಡೂ ಸಮ ಸವೀತದೆ. ಕೋಟಿಂಗಿಗೆ ತೆಳು ಆಸಿಡ್, ಸಿಟ್ರಿಕ್ ಆಸಿಡ್ ಸಾಕು. ಉಜ್ಜಬೇಡಿ.

ಹಸಿರುಹೊಂಡ

ನೆನೆಸಿಟ್ಟೆ ಅಣ್ಣಾ. ಸಣ್ಣಗೆ ಗುಳ್ಳೆ ಏಳ್ತಿದೆ, ಅಂಚಿಂದ ಬಿಡ್ತಾ ಬರ್ತಿದೆ.